ಬದುಕಿದ್ದವಳಿಗೆ ಇಟ್ಟ ಎಡೆ

ಮೇ ತಿಂಗಳ ಒಂದು ಶುಕ್ರವಾರ, ಸಂಜೆ ಏಳು ಗಂಟೆ ನಲವತ್ತು ನಿಮಿಷ. ನಾನು ನಿಂತಿದ್ದದ್ದು ಹಾಸನ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನಂಜೇಗೌಡ ಎಂಬುವರ ಮನೆಯ ನಡುಮನೆಯಲ್ಲಿ, ಎಡಗಡೆ ಕೋಣೆಯ ಬಾಗಿಲಿಗೆ ಏಳು ಅಡಿ ಎರಡು ಇಂಚು ದೂರದಲ್ಲಿ.

ಈ ಅಳತೆ ಅಂದಾಜಲ್ಲ. ಮಾರನೇ ವಾರ ಟೇಪು ತೆಗೆದುಕೊಂಡು ಹೋಗಿ ಅಳೆದು ಬಂದಿದ್ದೇನೆ. ಜೀವಮಾನವೆಲ್ಲ ಸರ್ವೆ ಕೆಲಸ ಮಾಡಿದವನು ನಾನು. ಕಂಡದ್ದಕ್ಕಿಂತ ಒಂದು ಇಂಚು ಹೆಚ್ಚಿಗೆ ಬರೆದರೆ ಇಬ್ಬರು ಅಣ್ಣತಮ್ಮಂದಿರು ಕೊಡಲಿ ಹಿಡಿಯುತ್ತಾರೆ ಎಂದು ಗೊತ್ತಿರುವವನು. ಆದ್ದರಿಂದ ಇಲ್ಲಿ ಕೇಳಿದ್ದನ್ನು ಕೇಳಿದಷ್ಟೇ, ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಊರಿನ ಹೆಸರು ಮಾತ್ರ ಬೇಡ. ಮೊಸಳೆ ಎಂಬ ಊರಿನಿಂದ ಎರಡು ಮೈಲಿ ಎಂದರೆ ಸಾಕು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ವಿಮಲಾ.

ವಿಮಲಾ ಚನ್ನರಾಯಪಟ್ಟಣದ ಒಂದು ಅನಾಥ ಹೆಣ್ಣುಮಕ್ಕಳ ಆಶ್ರಮದಲ್ಲಿ ಬೆಳೆದ ಹುಡುಗಿ. ನನ್ನ ಹೆಂಡತಿ ಅಲ್ಲಿ ಹೊಲಿಗೆ ಕಲಿಸುತ್ತಿದ್ದಳು. ರಜೆಯಲ್ಲಿ ಈ ಹುಡುಗಿ ನಮ್ಮ ಮನೆಗೆ ಬಂದು ಇರುತ್ತಿದ್ದಳು. ಓದಿ ಸೇನೆಯಲ್ಲಿ ನರ್ಸ್ ಆದಳು. ಈಗ ಇಪ್ಪತ್ತೆಂಟು ವರ್ಷ.

ಆ ವಾರ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ಹಾಸನದಲ್ಲೂ ಅಂಗಡಿ ಅಂಗಡಿಯ ಮುಂದೆ ಜನ ನಿಂತು ಟಿವಿ ನೋಡುತ್ತಿದ್ದರು. ಹದಿನೈದು ದಿನ ರಜೆ ಹಾಕಿ ನಮ್ಮ ಮನೆಗೆ ಬಂದಿದ್ದ ವಿಮಲಾಳಿಗೆ ಮೂರನೇ ದಿನಕ್ಕೇ ರಜೆ ರದ್ದು ಎಂದು ಫೋನ್ ಬಂತು. ಶನಿವಾರ ಬೆಳಗಿನ ರೈಲಿಗೆ ಹೊರಡಬೇಕು. ಹೋಗುವ ಜಾಗ ಗಡಿಯ ಹತ್ತಿರದ ಆಸ್ಪತ್ರೆ. ಜೊತೆಗೆ ಒಂದು ಅರ್ಜಿ ಕಳಿಸಿದ್ದರು, ತುಂಬಿಸಿಕೊಂಡು ಬರಲು.

ಶುಕ್ರವಾರ ಬೆಳಿಗ್ಗೆ ಆ ಅರ್ಜಿಯನ್ನು ಮುಂದಿಟ್ಟುಕೊಂಡು ಅವಳು ಸುಮ್ಮನೆ ಕೂತಿದ್ದಳು.

"ಏನಮ್ಮಾ?" ಎಂದೆ.

"ನಾನು ಸತ್ರೆ ಯಾರಿಗೆ ತಿಳಿಸ್ಬೇಕು ಅಂತ ಕೇಳಿದ್ದಾರೆ ಸಾರ್. ಯಾವಾಗ್ಲೂ ಆಶ್ರಮದ ವಿಳಾಸ ಬರೀತಿದ್ದೆ. ಈ ಸಲ ಕೈ ಬರ್ತಿಲ್ಲ."

ಅವಳೇ ಅರ್ಜಿ ಬದಿಗಿಟ್ಟು ಹೇಳಿದಳು, "ಒಂದು ನೆನಪಿದೆ. ಯಾರಿಗೂ ಹೇಳಿಲ್ಲ, ನಗ್ತಾರೆ ಅಂತ. ಒಂದೇ ತರದ ಎರಡು ಗುಡಿ. ಅಕ್ಕಪಕ್ಕ. ನಡುವೆ ಬಿಸಿಲು. ನಾನು ಅಲ್ಲಿ ಯಾರದೋ ಕೈ ಹಿಡ್ಕೊಂಡು ನಿಂತಿದ್ದೀನಿ. ಹೋದ ರಜೇಲಿ ಕೊರವಂಗಲದ ಗುಡಿಗೆ ಹೋಗಿ ನೋಡಿದೆ. ಅಲ್ಲಿ ಹಾಗಿಲ್ಲ."

ಅಷ್ಟು ವರ್ಷ ನಮ್ಮ ಮನೆಯಲ್ಲಿ ಊಟ ಮಾಡಿದ ಹುಡುಗಿ. ಒಂದು ಸಲ ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು. ಮೊಸಳೆಯ ಜೋಡಿ ಗುಡಿ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ.

ಮಧ್ಯಾಹ್ನ ಮೂರಕ್ಕೆ ಮೊಸಳೆಯಲ್ಲಿದ್ದೆವು. ಎರಡು ಗುಡಿಯ ನಡುವೆ ನಿಂತು ಅವಳು ತನ್ನ ಕೈಯನ್ನು ತಾನೇ ಹಿಡಿದುಕೊಂಡಿದ್ದಳು. ಅಳಲಿಲ್ಲ. "ಇದೇ," ಅಂದಳು, ಅಷ್ಟೆ.

ಟೀ ಅಂಗಡಿಯ ಮುಂದೆ ಕೂತಿದ್ದ ಒಬ್ಬ ಮುದುಕರನ್ನು ಕೇಳಿದೆ. "ಇಪ್ಪತ್ತನಾಲ್ಕು, ಇಪ್ಪತ್ತೈದು ವರ್ಷದ ಕೆಳಗೆ ಈ ಕಡೆ ಯಾವುದಾದರೂ ಹೆಣ್ಣುಮಗು ಕಳೆದುಹೋಗಿತ್ತಾ ಯಜಮಾನ್ರೇ?"

"ಕಳ್ದೋಗಿರೋದಾ? ಇಲ್ಲ ಸಾ," ಅಂದರು. ಬೀಡಿ ಎಳೆದರು. "ಸತ್ತೋಗಿರೋದು ಒಂದೈತೆ. ನಂಜೇಗೌಡನ ಅಣ್ಣನ ಮಗು. ಆಸನದ ಬಸ್ ಸ್ಟ್ಯಾಂಡಲ್ಲಿ ತಪ್ಪಿಸ್ಕತು. ಆಮ್ಯಾಕೆ ನಾಲೇಲಿ ಎಣ ಸಿಕ್ತು. ಮಣ್ಣು ಮಾಡವ್ರೆ."

ವಿಮಲಾ ನನ್ನ ಮುಖ ನೋಡಿದಳು. ಸತ್ತ ಮಗುವಿನ ಮನೆಗೆ ಹೋಗಿ ಏನು ಕೇಳುವುದು? ಆದರೂ ಹೋದೆವು. ಬೇರೆ ಮನೆಯೇ ಇರಲಿಲ್ಲ, ಬೇರೆ ದಿನವೂ ಇರಲಿಲ್ಲ.

ನಂಜೇಗೌಡರಿಗೆ ಐವತ್ತೈದರ ಸುಮಾರು. ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದವರು ನನ್ನನ್ನು ನೋಡಿ ಎದ್ದು ನಿಂತರು. ಹಿಂದೊಮ್ಮೆ ಅವರ ಪಕ್ಕದ ಜಮೀನು ಅಳೆಯಲು ನಾನು ಬಂದಿದ್ದೆ. ಅದೇ ಎಡವಟ್ಟಾಯಿತು. ನಾನು ವಿಷಯ ಹೇಳಿ ಮುಗಿಸುವ ಮೊದಲೇ ಅವರ ಮುಖ ಕಲ್ಲಾಗಿತ್ತು.

"ಓಹೋ. ಅಣ್ಣನ ಮಗಳು ಅಂತ ಬಂದವ್ಳೆ. ಬರೋವಾಗ ಸರ್ವೇರ್ನೂ ಕರ್ಕಂಡೇ ಬಂದವ್ಳೆ," ಅಂದರು. "ಟೇಪು ಎಲ್ಲಿ ಸಾ, ಕಾರಲ್ಲೈತಾ? ಯಾವ ಕಡೆಯಿಂದ ಅಳೀತೀರಿ?"

"ನನಗೆ ಜಮೀನು ಬೇಡ," ಅಂದಳು ವಿಮಲಾ. "ಬೆಳಿಗ್ಗೆ ನಾನು ಗಡಿಗೆ ಹೊರಟುಹೋಗ್ತೀನಿ. ಒಂದು ಹೆಸರು ಬೇಕಿತ್ತು, ಅಷ್ಟೆ."

"ಎಸ್ರು ಕೊಟ್ರೆ ಆಮ್ಯಾಕೆ ಪಾಲು ಕೇಳಕ್ಕೆ ಎಷ್ಟ್ ಹೊತ್ತು ಬೇಕವ್ವ?"

ಒಳಗಿನಿಂದ ಅವರ ಹೆಂಡತಿ ಜಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. "ಅಯ್ಯೋ, ಬಾಗ್ಲಿಗೆ ಬಂದೋರ್ಗೆ ಒಂದ್ ಲೋಟ ನೀರ್ ಕೊಡಾಕಿಲ್ಲ, ಆಗ್ಲೇ ಪಾಲು ಮಾಡ್ತಾ ಕುಂತವ್ರೆ. ಇರೋದು ಒಂದೂವರೆ ಎಕರೆ. ಅದಕ್ಕೆ ಯಾರ್ ತಾನೇ ಅಷ್ಟು ದೂರದಿಂದ ಬತ್ತಾರೆ. ಬನ್ನಿ ಒಳಕ್ಕೆ."

ನಡುಮನೆಯಲ್ಲಿ ಗೋಡೆಗೊರಗಿ ಒಬ್ಬ ಮುದುಕಿ ಕೂತಿದ್ದರು. ನಂಜೇಗೌಡರ ತಾಯಿ ಕೆಂಪಮ್ಮ. ಎಂಬತ್ತು ದಾಟಿದೆ, ಕಣ್ಣು ಮಂಜು. ಆದರೆ ಜಗಲಿಯ ಮಾತೆಲ್ಲ ಅವರಿಗೆ ಕೇಳಿತ್ತು.

"ಬಾ ಇಲ್ಲಿ," ಅಂದರು.

ವಿಮಲಾ ಹೋಗಿ ಎದುರಿಗೆ ಕೂತಳು. ಮುದುಕಿ ಬೇರೇನೂ ಕೇಳಲಿಲ್ಲ. ಕೈ ಚಾಚಿ ಅವಳ ಮೂಗನ್ನು ಹಿಡಿದು, ಹೆಬ್ಬೆರಳಿನಿಂದ ಮೊದಲು ಎಡ ಹೊಳ್ಳೆ, ಆಮೇಲೆ ಬಲ ಹೊಳ್ಳೆ ಸವರಿ ನೋಡಿದರು. ಎರಡರಲ್ಲೂ ಮುಚ್ಚಿಕೊಂಡ ಚುಕ್ಕೆಯಂಥ ಗುರುತಿತ್ತು. ಆಶ್ರಮದ ಹುಡುಗಿಯರು ಅದಕ್ಕೆ ಅವಳನ್ನು ಗೇಲಿ ಮಾಡುತ್ತಿದ್ದದ್ದು ನನಗೆ ಗೊತ್ತು.

ಮುದುಕಿಯ ಕೈ ಅಲ್ಲೇ ನಿಂತಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಮಗು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೆ ಉರುಳಿಸಿ, ಮೂಗು ಚುಚ್ಚಿಸಿ, ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಾರೆ. ಇದು ಕಸ, ಯಾರಿಗೂ ಬೇಡದ್ದು ಎಂದು ಸಾವು ಮುಂದೆ ಹೋಗಲಿ ಅಂತ.

"ಮೂರು ಓದ ಮೇಲೆ ಉಳಿದಿದ್ದು ನೀನು," ಅಂದರು ಕೆಂಪಮ್ಮ. "ಅನ್ನೊಂದನೇ ದಿವ್ಸಕ್ಕೇ ಎರಡೂ ಹೊಳ್ಳೆ ಚುಚ್ಚಿಸ್ದೆ. ತಿಪ್ಪಮ್ಮ ಅಂತ ಎಸ್ರು."

"ತಿಪ್ಪಮ್ಮ," ಅಂದಳು ವಿಮಲಾ. ಇನ್ನೊಮ್ಮೆ ಅಂದಳು. ಆಮೇಲೆ ಅವಳಿಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು. "ಇಪ್ಪತ್ತನಾಲ್ಕು ವರ್ಷ ಹುಡುಕಿದ್ದು ಇದನ್ನಾ ಅಜ್ಜಿ? ತಿಪ್ಪೆ!"

"ಮೂಗಿನ್ ತೂತು ಊರೆಲ್ಲಾ ಇರ್ತದೆ," ಎಂದು ನಂಜೇಗೌಡರು ಬಾಗಿಲಲ್ಲೇ ನಿಂತು ಗೊಣಗಿದರು.

ಆಗ ವಿಮಲಾ ತನ್ನ ಆಶ್ರಮದ ಕಡತದಲ್ಲಿದ್ದದ್ದನ್ನು ಹೇಳಿದಳು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಕಿಟಕಿ ಪಕ್ಕದ ಸೀಟಿನಲ್ಲಿ ಒಂದು ಟವಲ್ ಹಿಡಿದು ಕೂತಿದ್ದ ಮಗು. ಮೈ ಸುಡುವ ಜ್ವರ. ಎಬ್ಬಿಸಿದರೆ ಏಳದು. ಹೆಸರು ಕೇಳಿದರೆ, ಊರು ಕೇಳಿದರೆ, ಅಪ್ಪ ಎಲ್ಲಿ ಎಂದರೆ, ಒಂದೇ ಮಾತು. ಆಮೇಲೆ ಆರು ತಿಂಗಳು ಆ ಮಾತೂ ಇಲ್ಲ.

"ಏನ್ ಮಾತು?" ಅಂದರು ನಂಜೇಗೌಡರು.

"'ಸೀಟೈತೆ' ಅಂತ ಅನ್ನುತ್ತಿದ್ದೆನಂತೆ."

ನಂಜೇಗೌಡರು ಹೊಸ್ತಿಲ ಮೇಲೆ ಕೂತರು. ಆಮೇಲೆ ಅವರು ಹೇಳಿದ್ದರ ಸಾರ ಇಷ್ಟು.

ಮದುವೆ ಕಾಲ. ವಿಮಲಾಳ ತಂದೆ ಪುಟ್ಟಸ್ವಾಮಿ ಮಗುವನ್ನು ಕರೆದುಕೊಂಡು ಅರಕಲಗೂಡಿಗೆ ಹೊರಟಿದ್ದರು. ತಾಯಿ ಆಗಲೇ ತೀರಿಕೊಂಡಿದ್ದರು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರೂ ಮಾಡುವಂತೆಯೇ ಅವರೂ ಮಾಡಿದರು. ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿದರು. ಟವಲಿನ ಜೊತೆಗೆ ಮಗುವನ್ನೂ ಒಳಗೆ ದಾಟಿಸಿ, "ಯಾರ್ ಬಂದ್ರೂ ಸೀಟೈತೆ ಅನ್ನು, ಏಳ್ಬೇಡ" ಎಂದು ಹೇಳಿ ಬಾಗಿಲ ಕಡೆ ಓಡಿದರು. ಅಕ್ಕಪಕ್ಕ ಎರಡು ಬಸ್ಸು. ನೂಕುನುಗ್ಗಲಿನಲ್ಲಿ ಅವರು ಹತ್ತಿದ್ದು ಅರಕಲಗೂಡಿನ ಬಸ್ಸು. ಮಗುವನ್ನು ದಾಟಿಸಿದ್ದು ಪಕ್ಕದ ಚನ್ನರಾಯಪಟ್ಟಣದ ಬಸ್ಸಿಗೆ ಎಂದು ನಮಗೆ ಈಗ ಹೊಳೆಯಿತು.

ಒಳಗೆ ಹೋಗಿ ನೋಡಿದರೆ ಸೀಟಿನಲ್ಲಿ ಬೇರೆಯವರು. ಮಗುವನ್ನು ಯಾರೋ ಎತ್ತಿಕೊಂಡು ಹೋದರು ಎಂದು ಕಿರುಚಿದರು. ಬಸ್ಸೇ ಬೇರೆ ಎಂಬ ಯೋಚನೆ ಕೊನೆಯವರೆಗೂ ಅವರಿಗೆ ಬರಲಿಲ್ಲ. ಒಂಬತ್ತು ದಿನ ಅರಕಲಗೂಡಿನ ದಾರಿಯೆಲ್ಲ ಹುಡುಕಿದರು. ಒಂಬತ್ತನೇ ದಿನ, ಶುಕ್ರವಾರ, ಹೊಳೆನರಸೀಪುರದ ಕಡೆ ನಾಲೆಯ ತೂಬಿನ ಹತ್ತಿರ ಅದೇ ವಯಸ್ಸಿನ ಹೆಣ್ಣುಮಗುವಿನ ಹೆಣ ಸಿಕ್ಕಿತು. ಮುಖ ಊದಿ ಗುರುತಿರಲಿಲ್ಲ. ತಂದು ತಮ್ಮ ಹೊಲದ ಬದುವಿನಲ್ಲಿ, ಹೊಂಗೆಮರದ ಕೆಳಗೆ ಮಣ್ಣು ಮಾಡಿದರು. ಪುಟ್ಟಸ್ವಾಮಿ ಆಮೇಲೆ ಹನ್ನೆರಡು ವರ್ಷ ಬದುಕಿದ್ದರು.

"'ಸೀಟೈತೆ' ಅಂತ ಏಳ್ಕೊಟ್ಟಿದ್ದು ನಮ್ಮಣ್ಣ ನಮಗೆ ಬಿಟ್ರೆ ಇನ್ಯಾರ್ಗೂ ಏಳಿರ್ಲಿಲ್ಲ," ಎಂದು ನಂಜೇಗೌಡರು ಮುಖ ಉಜ್ಜಿಕೊಂಡರು. "ಕ್ಷಮಿಸ್ಬುಡವ್ವ. ನಾನೊಬ್ಬ ಕತ್ತೆ."

"ಅದು ನಮ್ಗೂ ಗೊತ್ತು," ಅಂದರು ಜಯಮ್ಮ. ಎಲ್ಲರೂ ನಕ್ಕೆವು. ಆ ಮನೆಯಲ್ಲಿ ಆ ಸಂಜೆ ನಕ್ಕದ್ದು ಅದೇ ಕೊನೆ.

ಏಳು ಗಂಟೆಯ ಹೊತ್ತಿಗೆ ಜಯಮ್ಮ ಅಡುಗೆಮನೆಯಿಂದ ಇಣುಕಿದರು. ದನಿ ತಗ್ಗಿಸಿ ಕೇಳಿದರು. "ಅತ್ತೆಮ್ಮ... ಇವತ್ತು ಸುಕ್ರವಾರ. ಎಡೆ?"

ಹೆಣ ಸಿಕ್ಕಿದ ವಾರ ಎಂದು ಕೆಂಪಮ್ಮ ಪ್ರತಿ ಶುಕ್ರವಾರ ಆ ಮಗುವಿಗೆ ಎಡೆ ಇಡುತ್ತಿದ್ದರು. ಮೊಸರನ್ನ, ಒಂದು ಬಾಳೆಹಣ್ಣು, ಒಂದು ಚೂರು ಬೆಲ್ಲ. ಎಡಗಡೆ ಕೋಣೆಯಲ್ಲಿ ಇಟ್ಟು, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ಕೂರುತ್ತಿದ್ದರು. ಒಂದು ವಾರವೂ ತಪ್ಪಿರಲಿಲ್ಲ.

"ಬ್ಯಾಡ," ಅಂದರು ಕೆಂಪಮ್ಮ. "ಬದ್ಕಿರೋಳ್ಗೆ ಎಡೆ ಇಕ್ಬಾರ್ದು. ಆಯಸ್ಸು ಕಮ್ಮಿಯಾಯ್ತದೆ. ಅದೂ ಲಡಾಯಿಗೆ ಓಗೋಳ್ಗೆ."

ಆದರೆ ಹಾಗೆ ಹೇಳಿದ ಮೇಲೆ ಮುದುಕಿಗೆ ಕೂತಲ್ಲಿ ಕೂರಲಾಗಲಿಲ್ಲ. ಮತ್ತೆ ಮತ್ತೆ ಕೋಣೆಯ ಬಾಗಿಲ ಕಡೆ ಮುಖ ತಿರುಗಿಸುತ್ತಿದ್ದರು.

ಏಳೂವರೆಗೆ ನಂಜೇಗೌಡರ ಫೋನಿಗೆ ಯಾರೋ ಸಂದೇಶ ಕಳಿಸಿದರು. ವಿಮಾನ ಬರಬಹುದು, ಊರೂರಲ್ಲೂ ದೀಪ ಆರಿಸಬೇಕು ಅಂತ. ನಿಜವೋ ಸುಳ್ಳೋ, ಅವರು ಎದ್ದುಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟರು.

"ಇಮಾನ್ದೋನ್ಗೆ ನಮ್ಮನೆ ಬಲ್ಬೇ ಕಾಣೋದು," ಎಂದು ಕತ್ತಲಲ್ಲಿ ಜಯಮ್ಮನ ದನಿ.

ಬೀದಿಯಲ್ಲೂ ಒಂದೊಂದೇ ದೀಪ ಆರಿತು. ನಾಯಿಗಳೂ ಸುಮ್ಮನಾದವು. ನಾನು ಕಾಲು ಜೋಮು ಹಿಡಿದು ಎದ್ದು ನಿಂತೆ. ಗಡಿಯಾರ ನೋಡಿದೆ, ಮುಳ್ಳು ಹೊಳೆಯುವ ಗಡಿಯಾರ. ಏಳು ನಲವತ್ತು.

ಆಗ ಕೋಣೆಯೊಳಗೆ ಸದ್ದಾಯಿತು.

ಸರ್ರ್... ಎಂದು ಸ್ಟೀಲು ತಟ್ಟೆಯನ್ನು ನೆಲದ ಮೇಲೆ ಎಳೆದಂತೆ. ನಿಂತಿತು. ಮತ್ತೆ ಸರ್ರ್... ಆಮೇಲೆ ಟಣ್... ಟಣ್... ಎಂದು ಬೆರಳಲ್ಲಿ ಬಡಿದಂತೆ. ಹಸಿದ ಮಗು ತಟ್ಟೆ ಬಡಿಯುತ್ತದಲ್ಲ, ಹಾಗೆ.

"ಬೆಕ್ಕು," ಅಂದೆ ನಾನು.

"ಬೆಕ್ಕು ನನ್ ತೊಡೆ ಮ್ಯಾಲೈತೆ ಸಾ," ಎಂದು ನಂಜೇಗೌಡರು ಪಿಸುಗುಟ್ಟಿದರು.

ಟಣ್... ಟಣ್...

ಕತ್ತಲಲ್ಲಿ ಕೆಂಪಮ್ಮ ಕೈ ಚಾಚಿ ತಡಕುತ್ತಿದ್ದದ್ದು ಬಳೆ ಸದ್ದಿನಿಂದ ತಿಳಿಯಿತು. ಸಿಕ್ಕ ಮೊಮ್ಮಗಳು ಮತ್ತೆ ಎಲ್ಲಿ ಕಳೆದುಹೋದಾಳೋ ಎಂಬ ಗಾಬರಿ. "ತಿಪ್ಪೀ," ಎಂದು ಕರೆದರು. "ತಿಪ್ಪೀ, ಎಲ್ಲಿದ್ದೀಯೆ ಮಗ, ಕೈ ಕೊಡೇ..."

"ಓ..." ಅಂದಳು ವಿಮಲಾ, ನನ್ನ ಬಲಗಡೆಯಿಂದ.

"ಓ..."

ಈ ಎರಡನೆಯದು ಎಡಗಡೆಯಿಂದ ಬಂತು. ಮುಚ್ಚಿದ ಬಾಗಿಲಿನ ಹಿಂದಿನಿಂದ. ಚಿಕ್ಕ ಮಗುವಿನ ದನಿ, ಕರೆದದ್ದಕ್ಕೆ ಖುಷಿಯಾದ ಹಾಗೆ, ಕೊನೆಯಲ್ಲಿ ಸ್ವಲ್ಪ ಎಳೆದದ್ದು. ಎರಡೂ ಒಟ್ಟೊಟ್ಟಿಗೆ ಬಂದವು. ಒಂದರ ಪ್ರತಿಧ್ವನಿ ಇನ್ನೊಂದು ಎನ್ನುವ ಹಾಗಿರಲಿಲ್ಲ. ನಾನು ಇದನ್ನು ತುಂಬ ಯೋಚಿಸಿಯೇ ಬರೆಯುತ್ತಿದ್ದೇನೆ.

ನಡುಮನೆಗೆ ಒಂದು ವಾಸನೆ ಬಂತು. ನೀರು ಬಿಟ್ಟ ಮೊದಲ ದಿನ ನಾಲೆಯ ಕೆಸರು ಬೀರುವ ವಾಸನೆ. ಮೇ ತಿಂಗಳು, ನಾಲೆ ಒಣಗಿ ಬಿರುಕು ಬಿಟ್ಟಿತ್ತು. ಬರುವಾಗ ಕಂಡಿದ್ದೆ.

ಮುದುಕಿಯೇ ಮೊದಲು ಮಾತಾಡಿದ್ದು. ಅಳುವಿನ ದನಿಯಲ್ಲ. ತುಂಬ ದಿನದಿಂದ ಹೊತ್ತದ್ದನ್ನು ಕೆಳಗಿಡುವ ದನಿ.

"ಆ ಕೂಸಿನ ಮೂಗಲ್ಲಿ ತೂತಿರ್ಲಿಲ್ಲ ಕಣಪ್ಪ."

"ಯಾವ ಕೂಸು ಅವ್ವ?" ಅಂದರು ನಂಜೇಗೌಡರು.

"ನಾಲೇಲಿ ಸಿಕ್ಕಿದ್ದು. ನೀರು ಉಯ್ದು ತೊಳ್ದೋಳು ನಾನೇ ಅಲ್ವ? ಮಕ ಊದಿತ್ತು. ಮೂಗು ಕಾಣ್ತಿತ್ತು. ಒಂದೂ ತೂತಿರ್ಲಿಲ್ಲ. ಕಂಡೆ... ಸುಮ್ಕಾದೆ."

"ಗೊತ್ತಿದ್ದೂ? ಯಾಕವ್ವ?"

"ನಿಮ್ಮಣ್ಣ ಒಂಬತ್ ದಿನದಿಂದ ಬಾಯಿಗೆ ಒಂದ್ ಗುಕ್ಕು ಬುಟ್ಕಂಡಿರ್ಲಿಲ್ಲ. ಇದು ನಮ್ದಲ್ಲ ಅಂದಿದ್ರೆ ಅವನೂ ಅದೇ ನಾಲೆಗೆ ಬೀಳ್ತಿದ್ದ. ನಮ್ದೇ ಅಂದ್ರೆ ಅತ್ತು ಉಳ್ಕತಾನೆ ಅಂದ್ಕಂಡೆ. ಯಾರ ಮನೆ ಕೂಸೋ ಏನೋ. ನಮ್ಮ ಎಸ್ರಲ್ಲಿ ಮಣ್ಣು ಮಾಡಿಸ್ಬುಟ್ಟೆ. ಅದಕ್ಕೇ ಒಂದ್ ವಾರಾನೂ ಎಡೆ ತಪ್ಪಿಸ್ದೋಳಲ್ಲ. ನನ್ನ ಮಗನ ಪ್ರಾಣ ಉಳಿಸಿದ ಕೂಸು ಅದು."

ಟಣ್... ಟಣ್... ಎಂದಿತು ಒಳಗೆ. ಈಗ ಸದ್ದು ಮೊದಲಿಗಿಂತ ಮೆಲ್ಲಗೆ.

ವಿಮಲಾ ಎದ್ದಳು. ಫೋನಿನ ಬೆಳಕು ಹಾಕಿದಳು.

"ಚಿಕ್ಕಮ್ಮ, ಮೊಸರನ್ನ ಇದೆಯಾ?"

"ಬ್ಯಾಡ ಕಣವ್ವ," ಎಂದು ಜಯಮ್ಮ ಅವಳ ತೋಳು ಹಿಡಿದರು. "ನಿನ್ನ ಎಸ್ರಿಗೆ ನೀನೇ ಎಡೆ ಇಕ್ಕದಾ? ನಾಳೆ ಗುಂಡು ಆರೋ ಕಡೆ ಓಗೋಳು ನೀನು. ಎಲ್ಲಾನಾ ಉಂಟಾ!"

"ನನ್ನ ಹೆಸರಿಗಲ್ಲ," ಅಂದಳು. "ಇಷ್ಟು ವರ್ಷ ಆ ಹೆಸರಲ್ಲಿ ಊಟ ಮಾಡಿದ್ದು ಅವಳು. ಈಗ ನಾನು ಬಂದು ಅದನ್ನ ಕಿತ್ಕೊಂಡ್ರೆ, ಅವಳನ್ನ ಏನಂತ ಕರೀತೀರಿ?"

ಜಯಮ್ಮ ಹಿಡಿದ ತೋಳು ಬಿಟ್ಟು ಅಡುಗೆಮನೆಗೆ ಹೋಗಿ ಮೊಸರನ್ನ, ಹಣ್ಣು, ಬೆಲ್ಲ ತಂದರು.

ಕೋಣೆಯ ಬಾಗಿಲು ತೆಗೆದವಳು ವಿಮಲಾ. ಅವಳ ಹೆಗಲ ಮೇಲಿಂದ ನಾನು ಒಳಗೆ ನೋಡಿದೆ. ಹತ್ತಡಿ, ಎಂಟಡಿಯ ಕೋಣೆ. ನಾಲ್ಕು ರಾಗಿ ಮೂಟೆ, ಒಂದು ಹಳೇ ಟ್ರಂಕು. ಒಂದೇ ಕಿಟಕಿ, ಒಳಗಿನಿಂದ ಅಗುಳಿ ಹಾಕಿದ್ದು. ನೆಲ ಒಣಗಿತ್ತು. ಮನುಷ್ಯರಿರಲಿ, ಇಲಿ ಕೂಡ ಕಾಣಲಿಲ್ಲ. ವಾರವಿಡೀ ಮೂಲೆಯಲ್ಲಿ ಮಗುಚಿ ಇಡುವ ಎಡೆಯ ತಟ್ಟೆ ಮಾತ್ರ ಕೋಣೆಯ ನಡುವೆ, ನೆಟ್ಟಗೆ ಕೂತಿತ್ತು. ಅದರ ಅಂಚಿನಲ್ಲಿ 'ತಿಪ್ಪಮ್ಮ' ಎಂದು ಪಾತ್ರೆ ಅಂಗಡಿಯವರು ಕೊರೆದುಕೊಟ್ಟ ಅಕ್ಷರ.

ವಿಮಲಾ ಮೊಸರನ್ನ ಬಡಿಸಿದಳು. ಹಣ್ಣು ಇಟ್ಟಳು, ಬೆಲ್ಲ ಇಟ್ಟಳು. ಆಮೇಲೆ ಮಂಡಿಯೂರಿ, ವಾರ್ಡಿನಲ್ಲಿ ಚಿಕ್ಕ ಮಕ್ಕಳನ್ನು ಕರೆಯುವ ದನಿಯಲ್ಲಿ, "ತಿಪ್ಪಮ್ಮಾ, ಬಾರವ್ವ, ಊಟ ಮಾಡು," ಅಂದಳು.

ಹೊರಗೆ ಬಂದು ಬಾಗಿಲು ಮುಚ್ಚಿದಳು. ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ಹೊಸ್ತಿಲಲ್ಲಿ ಕೂತಳು. ಫೋನು ಆರಿಸಿದಳು.

ಎಷ್ಟೋ ಹೊತ್ತು ಏನೂ ಇಲ್ಲ... ಆಮೇಲೆ ತಟ್ಟೆಯಲ್ಲಿ ಅನ್ನ ಕಲಸುವ ಸದ್ದು. ಚಪ್... ಚಪ್... ಎಂದು ನಾಲಿಗೆಯ ಸದ್ದು. ಮೂಗು ಸುರ್ ಎಂದು ಎಳೆದುಕೊಂಡದ್ದು. ನೆಗಡಿಯಾದ ಮಗು ಊಟ ಮಾಡುವಾಗ ಕೇಳುವಂಥ ಸದ್ದು, ಅಷ್ಟು ಮಾಮೂಲಿಯಾದದ್ದು.

ಸದ್ದು ನಿಂತಿತು.

ವಿಮಲಾ ತಲೆ ಹೊರಳಿಸಿ, ಬಾಗಿಲ ಸಂದಿಗೆ ಬಾಯಿ ಇಟ್ಟು, ಮೆಲ್ಲಗೆ ಕೇಳಿದಳು.

"ಪುಟ್ಟೀ... ನಿನ್ನ ನಿಜವಾದ ಹೆಸರೇನಮ್ಮ?"

ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಹದಿನೇಳು, ಹದಿನೆಂಟು, ಹತ್ತೊಂಬತ್ತು... ಬಾಗಿಲಿನ ಆಚೆ ಏನೋ ಹತ್ತಿರ ಬಂತು. ಹೆಜ್ಜೆ ಸದ್ದಲ್ಲ. ಹಲಗೆಯ ಮೇಲೆ ಅಂಗೈ ಒತ್ತಿದ ಹಾಗೆ. ನೆಲದಿಂದ ಎರಡಡಿ ಎತ್ತರದಲ್ಲಿ.

"ಮರ್ತೋಯ್ತು," ಎಂದಿತು.

ಅಷ್ಟೆ. ಅಳಲಿಲ್ಲ, ನಗಲಿಲ್ಲ. ಮನೆಪಾಠ ಕೇಳಿದರೆ ಮಕ್ಕಳು ಹೇಳುತ್ತವಲ್ಲ, ಹಾಗೆ.

ಎಂಟು ಗಂಟೆ ಹತ್ತು ನಿಮಿಷಕ್ಕೆ ನಂಜೇಗೌಡರು ಮೇನ್ ಸ್ವಿಚ್ ಹಾಕಿದರು. ಬಾಗಿಲು ತೆಗೆದೆವು. ಮೊಸರನ್ನದಲ್ಲಿ ನಾಲ್ಕು ಬೆರಳು ಎಳೆದ ಗೆರೆ. ನಾಲ್ಕೂ ಸೇರಿ ಒಂದೂಮುಕ್ಕಾಲು ಇಂಚು, ಕಾಗದದ ಅಂಚಿಗೆ ಪೆನ್ನಿನಲ್ಲಿ ಗುರುತು ಮಾಡಿಕೊಂಡು ಆಮೇಲೆ ಅಳೆದೆ. "ಮೂರೂವರೆ, ನಾಲ್ಕು ವರ್ಷದ ಕೈ," ಅಂದಳು ವಿಮಲಾ. ಹಣ್ಣು ಮುಟ್ಟಿರಲಿಲ್ಲ. ಬೆಲ್ಲ ಇರಲಿಲ್ಲ. ಹೊಸ್ತಿಲ ಒಳಗಡೆ, ವಿಮಲಾ ಬೆನ್ನು ಕೊಟ್ಟು ಕೂತಿದ್ದ ಜಾಗಕ್ಕೆ ಸರಿಯಾಗಿ, ನೆಲ್ಲಿಕಾಯಿ ಗಾತ್ರದ ಒಂದು ತುತ್ತು ಅನ್ನ ಇಟ್ಟಿತ್ತು. ಜೊತೆಯವರಿಗೆ ಎತ್ತಿಟ್ಟ ಹಾಗೆ.

ಅದನ್ನು ಏನು ಮಾಡಬೇಕೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಕೆಂಪಮ್ಮ ಎಲೆಯಲ್ಲಿ ಸುತ್ತಿ, ಹೊಂಗೆಮರದ ಬುಡಕ್ಕೆ ಇಟ್ಟು ಬಾ ಎಂದು ಮಗನನ್ನು ಕಳಿಸಿದರು. ಅವರು ಓಡುತ್ತ ಹೋಗಿ ಓಡುತ್ತ ಬಂದರು.

ವಿಮಲಾ ಅಲ್ಲೇ ದೀಪದ ಕೆಳಗೆ ಕೂತು ಅರ್ಜಿ ತುಂಬಿದಳು. ತಂದೆಯ ಹೆಸರಿನ ಜಾಗದಲ್ಲಿ, ಬದುಕಿನಲ್ಲಿ ಮೊದಲ ಸಲ, ಪುಟ್ಟಸ್ವಾಮಿ ಎಂದು ಬರೆದಳು. ತಿಳಿಸಬೇಕಾದವರು: ಕೆಂಪಮ್ಮ, ಅಜ್ಜಿ. ತನ್ನ ಹೆಸರಿನ ಜಾಗದಲ್ಲಿ ವಿಮಲಾ ಎಂದೇ ಬಿಟ್ಟಳು.

"ನಿನ್ನ ಎಸ್ರು ಬರ್ಕಳವ್ವ," ಅಂದರು ಮುದುಕಿ.

"ನನಗೊಂದು ಇದೆ ಅಜ್ಜಿ. ಅವಳಿಗೆ ಅದೊಂದೇ ಇರೋದು."

ಮಾರನೇ ದಿನ ಬೆಳಿಗ್ಗೆ ಅವಳನ್ನು ರೈಲು ಹತ್ತಿಸಿದೆ. ಇಬ್ಬರೂ ಆ ಮಾತು ಎತ್ತಲಿಲ್ಲ. ಕೆಲವು ದಿನಕ್ಕೆ ಗುಂಡಿನ ಸದ್ದು ನಿಂತಿತು. ಅವಳು ಕ್ಷೇಮ.

ನನಗೆ ಮಾತ್ರ ಸಮಾಧಾನವಿಲ್ಲ. ದೆವ್ವದ ಹೆದರಿಕೆಯಲ್ಲ ಇದು. ಆ ಮಗು ಯಾರದು? ಅರಕಲಗೂಡಿನಲ್ಲೋ, ಹೊಳೆನರಸೀಪುರದಲ್ಲೋ, ಯಾವುದೋ ಮನೆಯವರು ಇನ್ನೂ ಹುಡುಕುತ್ತಿರಬಹುದು. ಮಗು ಎಲ್ಲೋ ಬದುಕಿದೆ, ಒಂದು ದಿನ ವಿಮಲಾಳ ಹಾಗೆ ಬಾಗಿಲಿಗೆ ಬರುತ್ತದೆ ಎಂದು ಕಾಯುತ್ತಿರಬಹುದು. ಈ ವರ್ಷವೆಲ್ಲ ಆ ಕಡೆ ಹೋದಾಗಲೆಲ್ಲ ಟೀ ಅಂಗಡಿಗಳಲ್ಲಿ ಕೇಳಿದ್ದೇನೆ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಮೂಗು ಚುಚ್ಚದ ಒಂದು ಹೆಣ್ಣುಮಗು... ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಯಾರಾದರೂ ಹೌದು ಎಂದರೆ ಏನು ಹೇಳುವುದೆಂದು ನನಗೂ ಗೊತ್ತಿಲ್ಲ. ಹೌದು ಎನ್ನಲಿ ಎಂದು ಕೇಳುತ್ತೇನೆ, ಅನ್ನದಿರಲಿ ಎಂದು ಬೇಗ ಬೇಗ ಟೀ ಕುಡಿದು ಎದ್ದುಬಿಡುತ್ತೇನೆ.

ಆ ಸಂಜೆ ಅಲ್ಲಿದ್ದವರು ನಾನಲ್ಲದೆ ನಾಲ್ವರು. ಆಮೇಲೆ ಒಬ್ಬೊಬ್ಬರನ್ನೇ, ಬೇರೆ ಬೇರೆಯಾಗಿ ಕೇಳಿದ್ದೇನೆ. ಜಯಮ್ಮ ಬಾಗಿಲಿನ ಆಚೆಯಿಂದ ಬಂದ ಆ ಒಂದು ಮಾತನ್ನು ನಾನು ಬರೆದಂತೆಯೇ ಹೇಳುತ್ತಾರೆ. ನಂಜೇಗೌಡರು ತಟ್ಟೆಯ ಸದ್ದು ಒಪ್ಪುತ್ತಾರೆ, ಮಾತು ಕೇಳಲೇ ಇಲ್ಲ ಎನ್ನುತ್ತಾರೆ. ಆದರೆ ಅವರು ಈಗ ಮಲಗುವುದು ಜಗಲಿಯ ಮೇಲೆ. ವಿಮಲಾ ಗಡಿಯಲ್ಲಿದ್ದಾಳೆ. ಶುಕ್ರವಾರ ಸಂಜೆ ಏಳೂವರೆಗೆ ಅಜ್ಜಿಗೆ ಫೋನು ಮಾಡುತ್ತಾಳೆ. ಕೆಂಪಮ್ಮನಿಗೆ ಈಗ ಹಾಸಿಗೆ ಬಿಟ್ಟು ಏಳಲಾಗದು, ಎಡೆ ಇಡುವವರು ಜಯಮ್ಮ. ಎಲ್ಲರೂ ಬದುಕಿದ್ದಾರೆ.